ಜೀಪಿನ ಮುಂದಿನ ಗಾಲಿಯ ಬೇರಿಂಗ್: ಮನೆಯಲ್ಲೇ ಬಿಚ್ಚಿ ಜೋಡಿಸುವ ಬಗೆ

ಧಾರವಾಡದಲ್ಲಿ ಜೀಪು ಇಟ್ಟುಕೊಂಡ ರೈತರು ಮತ್ತು ವಾಹನಾಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ

ಸಭಿಕರೇ, ಇವತ್ತಿನ ಮಾತು ಯಾವ ವಾಹನಗಳಿಗೆ ಅನ್ವಯಿಸುತ್ತದೆ ಎಂಬುದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಇತ್ತೀಚಿನ ಬಹಳಷ್ಟು ವಾಹನಗಳಲ್ಲಿ ಗಾಲಿಯ ಬೇರಿಂಗ್ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ಮುಚ್ಚಿದ ಒಂದೇ ಘಟಕವಾಗಿ ಬರುತ್ತದೆ. ಅದನ್ನು ಬಿಚ್ಚಿ ತೊಳೆಯಲು ಆಗುವುದಿಲ್ಲ; ಕೆಟ್ಟರೆ ಇಡಿಯಾಗಿ ಬದಲಿಸಬೇಕು, ಅದಕ್ಕೆ ಹಲವೊಮ್ಮೆ ಪ್ರೆಸ್ ಯಂತ್ರವೂ ಬೇಕು. ನಾನು ಹೇಳಹೊರಟಿರುವುದು ಹಬ್ಬಿನೊಳಗೆ, ಅಂದರೆ ಗಾಲಿಯನ್ನು ಬಿಗಿಯುವ ನಡುಗುಂಬದೊಳಗೆ, ಎರಡು ಟೇಪರ್ ರೋಲರ್ (ಒಂದು ತುದಿ ಕಿರಿದಾದ ಉರುಳೆಗಳ) ಬೇರಿಂಗ್‌ಗಳನ್ನು ಎದುರುಬದುರಾಗಿ ಕೂರಿಸಿ, ಒಂದು ದೊಡ್ಡ ನಟ್ಟಿನಿಂದ ಹದ ಮಾಡುವ ಹಳೆಯ ವ್ಯವಸ್ಥೆಯ ಬಗ್ಗೆ. ನಮ್ಮ ನವಲಗುಂದ, ರೋಣ, ಸವಣೂರು ಭಾಗದ ಹೊಲದ ರಸ್ತೆಗಳಲ್ಲಿ ಇನ್ನೂ ಓಡುತ್ತಿರುವ ಮಹೀಂದ್ರ ಜೀಪುಗಳ ಮುಂದಿನ ಆಕ್ಸಲ್ ಇದೇ ಬಗೆಯದು.

ಈ ಕೆಲಸವನ್ನು ಮನೆಯಲ್ಲಿ ಮಾಡಬಹುದು ಎಂದು ಹೇಳುವುದಷ್ಟೇ ನನ್ನ ಉದ್ದೇಶವಲ್ಲ, ಮನೆಯಲ್ಲಿ ಮಾಡಿದರೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಬೇಕಾದ ಬಲ ಕಡಿಮೆ, ಸಮಯ ಹೆಚ್ಚು. ತೊಳೆಯುವುದು, ಬಿಸಿಲಿನಲ್ಲಿ ಹಿಡಿದು ನೋಡುವುದು, ನಟ್ಟಿನ ಹದವನ್ನು ಎರಡು ಮೂರು ಸಲ ಪರೀಕ್ಷಿಸುವುದು, ಇಷ್ಟರಲ್ಲೇ ಅರ್ಧ ದಿನ ಕಳೆಯುತ್ತದೆ. ಸಾಲಾಗಿ ಗಾಡಿಗಳು ಕಾಯುತ್ತಿರುವ ಗ್ಯಾರೇಜಿನ ಮೇಸ್ತ್ರಿಗೆ ಆ ಅರ್ಧ ದಿನ ಸಿಗುವುದಿಲ್ಲ. ಅದು ಅವರ ತಪ್ಪೂ ಅಲ್ಲ.

ಹೆನ್ರಿ ಟಿಮ್ಕೆನ್ ಎಂಬ ಅಮೆರಿಕದ ಸಾರೋಟು ತಯಾರಕ 1898ರಲ್ಲಿ ಟೇಪರ್ ರೋಲರ್ ಬೇರಿಂಗಿಗೆ ಪೇಟೆಂಟ್ ಪಡೆದ. ಕುದುರೆ ಗಾಡಿ ತಿರುವಿನಲ್ಲಿ ಹೊರಳುವಾಗ ಗಾಲಿಯ ಮೇಲೆ ಕೆಳಮುಖ ಭಾರದ ಜೊತೆಗೆ ಅಡ್ಡ ತಳ್ಳಿಕೆಯೂ ಬೀಳುತ್ತದೆ. ಎರಡನ್ನೂ ಒಂದೇ ಬೇರಿಂಗ್ ತಡೆಯಬೇಕೆಂದರೆ ರೋಲರುಗಳನ್ನು ಓರೆಯಾಗಿ ಇಡಬೇಕು ಎಂಬುದು ಅದರ ಹಿಂದಿನ ತತ್ವ. ನಮ್ಮ ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚಿದರೆ ಸಾಕಾಗುತ್ತಿತ್ತು, ಏಕೆಂದರೆ ಅಲ್ಲಿ ವೇಗವಿಲ್ಲ. ಜೀಪಿಗೆ ಅಷ್ಟು ಸಾಲದು. ಒಳಗಿನ ಉಂಗುರವನ್ನು ಅಂಗಡಿಯಲ್ಲಿ ಕೋನ್ ಎನ್ನುತ್ತಾರೆ, ಹೊರಗಿನದನ್ನು ಕಪ್ ಎನ್ನುತ್ತಾರೆ. ರೋಲರುಗಳು ಮತ್ತು ಅವುಗಳನ್ನು ಹಿಡಿದಿಡುವ ಪಂಜರ ಕೋನಿನ ಜೊತೆಗೇ ಇರುತ್ತವೆ. ಕಪ್ ಹಬ್ಬಿನೊಳಗೆ ಬಿಗಿಯಾಗಿ ಕೂತಿರುತ್ತದೆ, ಕೋನ್ ಮಾತ್ರ ಸ್ಪಿಂಡಲ್, ಅಂದರೆ ಹಬ್ಬನ್ನು ಹೊರುವ ತಿರುಗದ ಅಚ್ಚಿನ ಮೇಲೆ ಕೈಯಿಂದ ಜಾರುವಷ್ಟು ಸಡಿಲವಾಗಿರುತ್ತದೆ. ಕೋನ್ ಸಡಿಲವಿರುವುದನ್ನು ನೋಡಿ ಸ್ಪಿಂಡಲ್ ಸವೆದಿದೆ ಎಂದು ಗಾಬರಿಯಾಗುವವರಿದ್ದಾರೆ. ಗಾಲಿ ಉರುಳುವಾಗ ಭಾರ ಸದಾ ಕೆಳಕ್ಕೇ ಇರುವುದರಿಂದ, ತಿರುಗುವ ಕಪ್ಪಿನ ಪ್ರತಿಯೊಂದು ಭಾಗವೂ ಸರದಿಯಂತೆ ಆ ಭಾರದಡಿ ಹಾದು ಹೋಗುತ್ತದೆ. ಅದು ಸಡಿಲವಿದ್ದರೆ ಹಬ್ಬಿನೊಳಗೆ ತೆವಳುತ್ತಾ ಹಬ್ಬನ್ನೇ ತಿಂದುಹಾಕುತ್ತದೆ. ಸ್ಪಿಂಡಲ್ ತಿರುಗುವುದಿಲ್ಲ, ಆದ್ದರಿಂದ ಕೋನಿಗೆ ಆ ಅಪಾಯ ಕಡಿಮೆ. ಅಲ್ಲದೆ ನಟ್ಟು ತಿರುಗಿಸಿದಾಗ ಹೊರಗಿನ ಕೋನ್ ಒಳಕ್ಕೆ ಸರಿದರೆ ಮಾತ್ರ ಹದ ಮಾಡಲು ಸಾಧ್ಯ.

ನಾಲ್ಕು ಗಾಲಿ ಚಾಲನೆಯ ವಾಹನದಲ್ಲಿ ಒಂದು ಹೆಚ್ಚಿನ ಸಂಗತಿಯಿದೆ. ಈ ಸ್ಪಿಂಡಲ್ ಒಳಗೆ ಟೊಳ್ಳು. ಅದರ ನಡುವೆ ಆಕ್ಸಲ್ ಶಾಫ್ಟ್ ಹಾದುಬಂದು, ಹೊರತುದಿಯಲ್ಲಿ ಫ್ಲ್ಯಾಂಜ್ ಅಥವಾ ಲಾಕಿಂಗ್ ಹಬ್ಬಿನ ಮೂಲಕ ಗಾಲಿಯನ್ನು ತಿರುಗಿಸುತ್ತದೆ. ಶಾಫ್ಟು ಭಾರ ಹೊರುವುದಿಲ್ಲ, ಬಲವನ್ನು ಮಾತ್ರ ಮುಟ್ಟಿಸುತ್ತದೆ. ಭಾರವೆಲ್ಲ ಬೇರಿಂಗ್‌ಗಳ ಮೇಲೆಯೇ. ಶಾಫ್ಟ್ ಮತ್ತು ಸ್ಪಿಂಡಲ್ ನಡುವೆ ಒಂದು ಬುಷ್ ಅಥವಾ ಸೂಜಿ ಬೇರಿಂಗ್ ಇರುತ್ತದೆ. ಹೊರಗಿನ ದೊಡ್ಡ ಬೇರಿಂಗ್‌ಗಳಿಗೆ ಗ್ರೀಸ್ ಹಾಕಿ ಇದನ್ನು ಮರೆತುಬಿಡುವುದು ನಮ್ಮಲ್ಲಿ ತೀರಾ ಸಾಮಾನ್ಯ.

ಬೇರಿಂಗ್ ಕೆಡುವುದು ಹೇಗೆ? ಕಿಲೋಮೀಟರ್ ಲೆಕ್ಕದಿಂದ ಸವೆದು ಕೆಡುವ ಬೇರಿಂಗ್ ಅಪರೂಪ. ಈ ಭಾಗದಲ್ಲಿ ಅದರ ಮೊದಲ ಶತ್ರು ನೀರು. ಜೀಪು ಒಂದು ತಾಸು ಓಡಿದ ಮೇಲೆ ಹಬ್ ಬೆಚ್ಚಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಅದೇ ಬಿಸಿಯಲ್ಲಿ ಬೆಣ್ಣೆಹಳ್ಳದ ನೀರಿಗೆ ಇಳಿಸಿದರೆ ಹಬ್ ಥಟ್ಟನೆ ತಣಿದು, ಒಳಗಿನ ಗಾಳಿ ಕುಗ್ಗಿ, ಸೀಲಿನ (ಗ್ರೀಸನ್ನು ಒಳಗೂ ನೀರನ್ನು ಹೊರಗೂ ತಡೆಯುವ ರಬ್ಬರ್ ತುಟಿಯ ಬಳೆಯ) ಅಂಚಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊರಗಿನ ನೀರು ಒತ್ತಿ ಒಳಬರುವುದಕ್ಕಿಂತ ಈ ಎಳೆತವೇ ಹೆಚ್ಚು ಹಾನಿಕರ. ಆಕ್ಸಲ್ಲಿನ ಮೇಲಿರುವ, ಗಾಳಿಯಾಡುವ ಸಣ್ಣ ಕಂಡಿಯಾದ ಬ್ರೀದರ್ ಮಣ್ಣಿನಿಂದ ಮುಚ್ಚಿಹೋಗಿದ್ದರೆ ಆಕ್ಸಲ್ಲಿನೊಳಗೂ ಇದೇ ಆಗುತ್ತದೆ. ಬ್ರೀದರಿಗೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿ ಎಂಜಿನ್ ಕೋಣೆಯ ಎತ್ತರದವರೆಗೆ ಒಯ್ಯುವುದು ಅಗ್ಗದ ಉಪಾಯ. ಹಳ್ಳದ ದಂಡೆಯಲ್ಲಿ ಹತ್ತು ನಿಮಿಷ ನಿಲ್ಲಿಸಿ, ಹಬ್ ಆರಿದ ಮೇಲೆ ನೀರಿಗೆ ಇಳಿಸುವುದಕ್ಕೆ ಅಷ್ಟೂ ಖರ್ಚಿಲ್ಲ.

ಎರಡನೆಯದು ಮಣ್ಣು. ಎರೆ ಮಣ್ಣು ಹಸಿಯಿದ್ದಾಗ ಹಬ್ಬಿನ ಹಿಂಭಾಗಕ್ಕೆ ಮೆತ್ತಿಕೊಂಡು, ಒಣಗಿದ ಮೇಲೆ ಗಟ್ಟಿ ಬಳೆಯಾಗಿ ಸೀಲಿನ ತುಟಿಯನ್ನು ಉಜ್ಜುತ್ತದೆ. ಗದಗಿನ ಕಪ್ಪತಗುಡ್ಡದ ಕಡೆಯ ಕೆಂಪು ದೂಳಿನ ಗುಣ ಬೇರೆ. ಅದು ಮೆತ್ತಿಕೊಳ್ಳುವುದಿಲ್ಲ, ಆದರೆ ಮಣ್ಣಿನೊಳಗಿನ ಮರಳಿನ ಸಣ್ಣ ಕಣ ಒಳಹೊಕ್ಕರೆ ಉಕ್ಕಿನ ಮೇಲ್ಮೈಯನ್ನು ಗೀರಬಲ್ಲಷ್ಟು ಗಡಸು. ಇವೆರಡಕ್ಕಿಂತ ನಾನು ಹೆಚ್ಚು ಹೆದರುವುದು ಖಂಡೇಪೂಜೆಯ ಹಿಂದಿನ ದಿನ ಸರ್ವಿಸ್ ಸ್ಟೇಷನ್ನಿನಲ್ಲಿ ನಡೆಯುವ ತೊಳೆತಕ್ಕೆ. ಹಳ್ಳದ ನೀರು ದಾಟಲಾರದ ಸೀಲನ್ನು ಅಲ್ಲಿನ ಪ್ರೆಷರ್ ಪೈಪಿನ ನೀರು ಸುಲಭವಾಗಿ ದಾಟುತ್ತದೆ. ಹಬ್ಬಿನ ಹಿಂಬದಿಗೆ ನೇರವಾಗಿ ನೀರು ಹೊಡೆಯಬೇಡಿ ಎಂದು ಆ ಹುಡುಗನಿಗೆ ನಿಂತು ಹೇಳಬೇಕು.

ಮೂರನೆಯ ಕಾರಣ ನಟ್ಟಿನ ತಪ್ಪು ಬಿಗಿತ. ಅದಕ್ಕೆ ಮುಂದೆ ಬರುತ್ತೇನೆ, ಏಕೆಂದರೆ ಇಡೀ ಕೆಲಸದ ಸತ್ವ ಅಲ್ಲಿದೆ.

ಬಿಚ್ಚುವ ಮೊದಲು ದೋಷ ಬೇರಿಂಗಿನದೇ ಎಂದು ಖಚಿತಪಡಿಸಿಕೊಳ್ಳಬೇಕು. ಗಾಲಿಯನ್ನು ನೆಲದಿಂದ ಎತ್ತಿ, ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಾಡಿಸಿದಾಗ ಲಟಲಟ ಎಂದರೆ ಅದು ಬೇರಿಂಗಿನ ಸಡಿಲವೂ ಆಗಿರಬಹುದು, ಸ್ಟಿಯರಿಂಗ್ ತಿರುಗಿಸಿದಾಗ ಗಾಲಿ ಹೊರಳುವ ಕೀಲಾದ ಕಿಂಗ್‌ಪಿನ್ನಿನ ಸಡಿಲವೂ ಆಗಿರಬಹುದು. ಆಗ ಇನ್ನೊಬ್ಬರಿಗೆ ಬ್ರೇಕ್ ಒತ್ತಿಹಿಡಿಯಲು ಹೇಳಿ ಮತ್ತೆ ಅಲುಗಾಡಿಸಬೇಕು. ಬ್ರೇಕ್ ಹಿಡಿದಾಗ ಸಡಿಲ ಮಾಯವಾದರೆ ದೋಷ ಬೇರಿಂಗಿನಲ್ಲಿದೆ. ಹಾಗೆಯೇ ಉಳಿದರೆ ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟ್ ನೋಡಬೇಕು. ಸದ್ದಿನಿಂದ ಗುರುತಿಸುವುದು ಕಷ್ಟ, ಅದರಲ್ಲೂ ದೊಡ್ಡ ಹಲ್ಲಿನ ಟೈರು ಹಾಕಿಕೊಂಡವರಿಗೆ ಇನ್ನೂ ಕಷ್ಟ. ಆದರೂ ಒಂದು ಸುಳಿವಿದೆ. ಟೈರಿನ ಸದ್ದು ರಸ್ತೆ ಬದಲಾದಂತೆ ಬದಲಾಗುತ್ತದೆ, ಬೇರಿಂಗಿನ ಗುಂಯ್‌ಗುಟ್ಟುವಿಕೆ ಸ್ಟಿಯರಿಂಗ್ ತಿರುಗಿಸಿದಂತೆ ಬದಲಾಗುತ್ತದೆ. ಎಡಕ್ಕೆ ವಾಲಿಸಿದಾಗ ಭಾರ ಬಲಗಾಲಿಯ ಮೇಲೆ ಬೀಳುತ್ತದೆ, ಆಗ ಸದ್ದು ಏರಿದರೆ ಬಲಗಡೆಯದನ್ನು ಶಂಕಿಸಬೇಕು.

ಇನ್ನು ಬಿಚ್ಚುವ ಕೆಲಸ. ಗಟ್ಟಿ ನೆಲ ಬೇಕು. ಎರೆ ಹೊಲದ ಬದುವಿನಲ್ಲಿ ಜ್ಯಾಕ್ ಏರಿಸಬಾರದು. ಹಿಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡಗಲ್ಲು ಕೊಟ್ಟು, ಆಕ್ಸಲ್ಲಿನ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಜ್ಯಾಕಿನ ಭಾರವನ್ನು ಅದಕ್ಕೆ ಇಳಿಸಬೇಕು. ಇಟ್ಟಿಗೆಯ ಗುಡ್ಡೆ ಸ್ಟ್ಯಾಂಡ್ ಆಗುವುದಿಲ್ಲ, ಇಟ್ಟಿಗೆ ಸಿಡಿಯುವ ಮೊದಲು ಸೂಚನೆ ಕೊಡುವುದಿಲ್ಲ. ಡಿಸ್ಕ್ ಬ್ರೇಕ್ ಇದ್ದರೆ ಕ್ಯಾಲಿಪರನ್ನು ಬಿಚ್ಚಿ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಬೇಕು. ರಬ್ಬರ್ ಪೈಪಿಗೆ ಜೋತುಬಿಡಬಾರದು. ಬಳಿಕ ಹೊರ ಮುಚ್ಚಳ, ಶಾಫ್ಟಿನ ತುದಿಯ ಸರ್ಕ್ಲಿಪ್, ಫ್ಲ್ಯಾಂಜಿನ ಬೋಲ್ಟುಗಳು, ಈ ಕ್ರಮದಲ್ಲಿ ಬಿಚ್ಚುತ್ತಾ ಹೋದರೆ ಒಳಗೆ ಲಾಕ್ ನಟ್ಟು, ಅದರ ಹಿಂದೆ ಲಾಕ್ ವಾಷರು, ಅದರ ಹಿಂದೆ ಹದ ಮಾಡುವ ನಟ್ಟು ಕಾಣುತ್ತವೆ.

ಇಲ್ಲಿ ಛೀಣಿ ಮತ್ತು ಸುತ್ತಿಗೆ ಕೈಗೆ ಬರುವುದು ನಮ್ಮ ಊರುಗಳ ಹಳೆಯ ಚಾಳಿ. ಛೀಣಿಯಿಂದ ಹೊಡೆದು ನಟ್ಟು ತಿರುಗಿಸಿದರೆ ಅದರ ಅಂಚಿನಿಂದ ಎದ್ದ ಕಬ್ಬಿಣದ ಚೂರು ನೇರವಾಗಿ ಬೇರಿಂಗಿಗೆ ಬೀಳುತ್ತದೆ, ಮತ್ತು ಎಷ್ಟು ಬಿಗಿದಿದ್ದೇವೆ ಎಂಬ ಅಳತೆ ಶಾಶ್ವತವಾಗಿ ಕೈತಪ್ಪುತ್ತದೆ. ಆ ನಟ್ಟಿಗೆ ಸರಿಹೊಂದುವ, ತೆಳುಗೋಡೆಯ ಬಾಕ್ಸ್ ಪಾನಾ ಕೊಳ್ಳಬೇಕು. ಸಿಗದಿದ್ದರೆ ನಟ್ಟಿನ ಅಳತೆ ಕೊಟ್ಟು ಲೇಥ್ ಇರುವವರ ಬಳಿ ಗಟ್ಟಿ ಪೈಪಿನಲ್ಲಿ ಮಾಡಿಸಬಹುದು. ಹುಬ್ಬಳ್ಳಿಯಂಥ ಊರಿನಲ್ಲಿ ಟರ್ನರುಗಳಿಗೆ ಕೊರತೆಯಿಲ್ಲ. ಈ ಕೆಲಸದಲ್ಲಿ ಹಣ ಹಾಕಬೇಕಾದ ಉಪಕರಣ ಒಂದೇ ಇದ್ದರೆ ಅದು ಇದು.

ನಟ್ಟು ತೆಗೆದ ಮೇಲೆ ಹಬ್ಬನ್ನು ಸ್ವಲ್ಪ ಮುಂದಕ್ಕೆಳೆದು ಹಿಂದಕ್ಕೆ ದೂಡಿದರೆ ಹೊರ ಬೇರಿಂಗ್ ತಾನಾಗಿ ಕೈಗೆ ಬರುತ್ತದೆ. ಒಳ ಬೇರಿಂಗ್ ಹಬ್ಬಿನ ಹಿಂದೆ ಸೀಲಿನ ಮರೆಯಲ್ಲಿರುತ್ತದೆ. ಸೀಲನ್ನು ಕಿತ್ತು ಎಸೆಯಬೇಕು, ಚೆನ್ನಾಗಿದೆ ಎಂದು ಕಂಡರೂ ಮರಳಿ ಹಾಕಬಾರದು. ಎಡ ಬಲ, ಒಳ ಹೊರ ಎಂದು ಬೇರಿಂಗ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡಬೇಕು, ಏಕೆಂದರೆ ಓಡಿದ ಕೋನ್ ತನ್ನದೇ ಕಪ್ಪಿಗೆ ಹೊಂದಿಕೊಂಡಿರುತ್ತದೆ.

ತೊಳೆಯುವ ಮೊದಲು ಹಳೆಯ ಗ್ರೀಸನ್ನು ಬೆರಳಿನ ನಡುವೆ ಉಜ್ಜಿ ನೋಡಿ. ಅದು ಹಾಲು ಬೆರೆತಂತೆ ಬಿಳಿಚಿಕೊಂಡಿದ್ದರೆ ನೀರು ಹೊಕ್ಕಿದೆ. ಬಿಸಿಲಿಗೆ ಹಿಡಿದಾಗ ಮಿಣಿಮಿಣಿ ಎಂದರೆ ಉಕ್ಕಿನ ಪುಡಿಯಿದೆ, ಆ ಬೇರಿಂಗ್ ಮುಗಿಯಿತು. ಸುಟ್ಟು ಕಪ್ಪಾಗಿ ಒಣಗಿದ್ದರೆ ಬಿಗಿತ ಹೆಚ್ಚಾಗಿತ್ತು, ಇಲ್ಲವೇ ಬ್ರೇಕ್ ಹಿಡಿದುಕೊಂಡೇ ಓಡಿದೆ. ಇವೆಲ್ಲಕ್ಕಿಂತ ಎಚ್ಚರದಿಂದ ನೋಡಬೇಕಾದದ್ದು ಗ್ರೀಸ್ ತೆಳ್ಳಗಾಗಿ ಎಣ್ಣೆಯಂತೆ ಹರಿಯುತ್ತಿದ್ದರೆ. ಆಗ ಆಕ್ಸಲ್ಲಿನ ಗೇರ್ ಗುಂಬದ, ಅಂದರೆ ಡಿಫರೆನ್ಶಿಯಲ್ಲಿನ ಗೇರ್ ಎಣ್ಣೆ ಆಕ್ಸಲ್ಲಿನ ಒಳಸೀಲನ್ನು ದಾಟಿ, ಶಾಫ್ಟಿನ ಗುಂಟ ಸ್ಪಿಂಡಲ್ಲಿನ ಮೂಲಕ ಹಬ್ಬಿಗೆ ಬಂದಿದೆ. ಹೊಸ ಗ್ರೀಸ್ ತುಂಬಿ ಮುಚ್ಚಿದರೆ ಅದೂ ಕೆಲವೇ ದಿನಗಳಲ್ಲಿ ತೊಳೆದುಹೋಗುತ್ತದೆ, ಎಣ್ಣೆ ಬ್ರೇಕಿಗೂ ತಾಗುತ್ತದೆ. ಒಳಸೀಲು ಬದಲಿಸದೆ ಹಬ್ ಜೋಡಿಸುವುದು ವ್ಯರ್ಥ ಶ್ರಮ.

ತೊಳೆಯಲು ಚಿಮಣಿ ಎಣ್ಣೆ ಅಥವಾ ಡೀಸೆಲ್ ಸಾಕು. ಪೆಟ್ರೋಲ್ ಬೇಡ, ಅದರ ಆವಿ ಒಂದು ಕಿಡಿಗೆ ಕಾಯುತ್ತಿರುತ್ತದೆ. ಕುಂಚದಿಂದ ರೋಲರುಗಳ ಸಂದುಸಂದಿನಲ್ಲಿ ತಿಕ್ಕಿ, ಎಣ್ಣೆ ಬದಲಿಸಿ ಮತ್ತೊಮ್ಮೆ ತೊಳೆದು, ಒಣಬಟ್ಟೆಯ ಮೇಲೆ ಆರಲು ಬಿಡಬೇಕು. ಕಂಪ್ರೆಸರ್ ಇರುವವರು ಗಾಳಿ ಹೊಡೆದು ಬೇರಿಂಗನ್ನು ಗಿರ್ರನೆ ತಿರುಗಿಸಿ ಖುಷಿಪಡುತ್ತಾರೆ. ಎಣ್ಣೆಯಿಲ್ಲದ ಬೇರಿಂಗ್ ಆ ವೇಗಕ್ಕೆ ಗೀಚಿಹೋಗುತ್ತದೆ, ಪಂಜರ ಒಡೆದರೆ ರೋಲರು ಗುಂಡಿನಂತೆ ಹಾರುತ್ತದೆ. ಬೇರಿಂಗ್ ಒಣಗಿದ ಮೇಲೆ ರೋಲರುಗಳನ್ನೂ ಕಪ್ಪಿನ ಒಳಮೈಯನ್ನೂ ಬಿಸಿಲಿನಲ್ಲಿ ನೋಡಬೇಕು. ಮೇಲ್ಮೈ ಮಂಕಾಗಿರುವುದು ದೋಷವಲ್ಲ. ಉಗುರು ಎಳೆದಾಗ ತಡೆಯುವ ಗುಳಿ, ಎದ್ದುಹೋದ ಚಕ್ಕೆ, ಬಿಸಿಗೆ ನೀಲಿಯಾದ ಕಲೆ, ಇವು ಕಂಡರೆ ಬದಲಿಸಬೇಕು. ಕಪ್ಪಿನ ಮೇಲೆ ರೋಲರುಗಳಷ್ಟೇ ಅಂತರದಲ್ಲಿ ಸಾಲಾಗಿ ಕಪ್ಪು ಗೆರೆಗಳು ಕಂಡರೆ, ನೀರು ಹೊಕ್ಕ ಮೇಲೆ ಜೀಪು ಬಹಳ ದಿನ ನಿಂತಲ್ಲೇ ನಿಂತಿತ್ತು ಎಂದು ತಿಳಿಯಬಹುದು. ಈ ಕಾರಣಕ್ಕೇ ನಾನು ಮಳೆಗಾಲ ಮುಗಿದ ಕೂಡಲೇ, ಹಿಂಗಾರಿ ಬಿತ್ತನೆಯ ಗಡಿಬಿಡಿ ಕಳೆದ ಮೇಲೆ ಹಬ್ ಬಿಚ್ಚಿ ಎನ್ನುತ್ತೇನೆ. ಮಳೆಗಾಲಕ್ಕೆ ಮೊದಲು ಮಾಡಿ ಆಮೇಲೆ ಮರೆತರೆ, ಹೊಕ್ಕ ನೀರು ಮುಂದಿನ ಬೇಸಿಗೆಯವರೆಗೆ ಒಳಗೇ ಕೂತು ಉಕ್ಕನ್ನು ತಿನ್ನುತ್ತದೆ.

ಹೊಸದು ಕೊಳ್ಳಬೇಕಾದರೆ ಹಳೆಯದರ ಅಂಚಿನಲ್ಲಿ ಕೆತ್ತಿರುವ ಸಂಖ್ಯೆಗಳನ್ನು ಬರೆದುಕೊಂಡು ಹೋಗಿ. ಕೋನಿಗೊಂದು, ಕಪ್ಪಿಗೊಂದು ಸಂಖ್ಯೆ ಇರಬಹುದು. ಎರಡನ್ನೂ ಜೋಡಿಯಾಗಿಯೇ ಕೊಳ್ಳಬೇಕು. ಹಳೆಯ ಕಪ್ಪಿಗೆ ಹೊಸ ಕೋನ್ ಕೂರಿಸುವ ಉಳಿತಾಯ ಬೇಡ. ಜೈಪುರ, ಜಮ್‌ಶೆಡ್‌ಪುರ, ಪುಣೆಯ ಕಾರ್ಖಾನೆಗಳ ಒಳ್ಳೆಯ ಬೇರಿಂಗ್‌ಗಳು ನಮ್ಮಲ್ಲಿ ಸಿಗುತ್ತವೆ, ಅವುಗಳ ನಕಲೂ ಸಿಗುತ್ತದೆ. ಕೆತ್ತನೆ ಮಸುಕಾಗಿದ್ದು, ಬೆಲೆ ಅರ್ಧಕ್ಕಿಳಿದಿದ್ದರೆ ಬಿಟ್ಟುಬನ್ನಿ.

ಹಳೆಯ ಕಪ್ಪನ್ನು ಹೊರಹಾಕಲು ಹಿತ್ತಾಳೆಯ ಸಲಾಕೆಯನ್ನು ಹಬ್ಬಿನ ಒಳಗಿನಿಂದ ಇಟ್ಟು, ಒಮ್ಮೆ ಈ ಬದಿ ಒಮ್ಮೆ ಆ ಬದಿ ಎಂದು ಸ್ವಲ್ಪಸ್ವಲ್ಪವೇ ಬಡಿಯಬೇಕು. ಹೊಸ ಕಪ್ಪನ್ನು ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಫ್ರೀಜರಿನಲ್ಲಿ ಇಟ್ಟಿರಿ. ಮನೆಯವರ ಅನುಮತಿ ಪಡೆಯುವುದು ನಿಮ್ಮ ಹೊಣೆ. ಉಕ್ಕು ಒಂದು ಡಿಗ್ರಿಗೆ ಒಂದು ಮೀಟರಿಗೆ ಸುಮಾರು 12 ಮೈಕ್ರಾನ್ ಕುಗ್ಗುತ್ತದೆ. 80 ಮಿಲಿಮೀಟರ್ ವ್ಯಾಸದ ಕಪ್ 30 ಡಿಗ್ರಿಯಿಂದ ಮೈನಸ್ 18ಕ್ಕೆ ಇಳಿದರೆ 0.04 ಮಿಲಿಮೀಟರಿಗಿಂತ ತುಸು ಹೆಚ್ಚು ಕಿರಿದಾಗುತ್ತದೆ. ಕೇಳಲು ಅಲ್ಪ ಎನಿಸಿದರೂ ಬಿಗಿ ಜೋಡಣೆಯಲ್ಲಿ ಅಷ್ಟು ಅಳತೆಯೇ ಸುತ್ತಿಗೆಯ ಏಟುಗಳನ್ನು ಅರ್ಧಕ್ಕಿಳಿಸುತ್ತದೆ. ಬಡಿಯುವಾಗ ಟೊಳ್ಳಾಗಿ ಕೇಳುತ್ತಿದ್ದ ಸದ್ದು ಗಟ್ಟಿಯಾದರೆ ಕಪ್ ತಳಮುಟ್ಟಿದೆ.

ಗ್ರೀಸಿನ ವಿಷಯದಲ್ಲಿ ಒಂದೇ ಕಡೆ ತಪ್ಪುತ್ತೇವೆ: ಬೇಕಾದಲ್ಲಿ ಕಡಿಮೆ, ಬೇಡವಾದಲ್ಲಿ ಹೆಚ್ಚು. ಡಿಸ್ಕ್ ಬ್ರೇಕಿನ ವಾಹನಕ್ಕೆ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್ ಒಳ್ಳೆಯದು, ಅದು ಸಾಧಾರಣ ಲಿಥಿಯಂ ಗ್ರೀಸಿಗಿಂತ ಹೆಚ್ಚು ಶಾಖ ತಾಳುತ್ತದೆ. ಯಾವುದೇ ಇರಲಿ, ಹಳೆಯದರ ಮೇಲೆ ಬೇರೆ ಜಾತಿಯದನ್ನು ಬೆರೆಸಬಾರದು, ಬೆರೆತರೆ ಎರಡೂ ನೀರಾಗಬಹುದು. ಎಡ ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ಅಗಲವಾದ ಬದಿಯನ್ನು ಅದಕ್ಕೆ ಒತ್ತಿ ಒತ್ತಿ ಎಳೆಯುತ್ತಾ, ಕಿರಿದಾದ ಬದಿಯ ಸಂದುಗಳಿಂದ ಗ್ರೀಸ್ ಹೊರಚಿಮ್ಮುವವರೆಗೆ ಸುತ್ತಲೂ ತುಂಬಬೇಕು. ಹಬ್ಬಿನ ನಡುವಿನ ಖಾಲಿ ಜಾಗಕ್ಕೆ ಮೂರರಲ್ಲಿ ಒಂದು ಪಾಲಿನಿಂದ ಅರ್ಧದವರೆಗೆ ಸಾಕು. ಪೂರ್ತಿ ತುಂಬಿದರೆ ಗ್ರೀಸ್ ಕಡೆದು ಕಡೆದು ಬಿಸಿಯಾಗಿ ಸೀಲನ್ನು ದೂಡಿಕೊಂಡು ಬ್ರೇಕಿಗೆ ಬರುತ್ತದೆ. ಸ್ಪಿಂಡಲ್ಲಿನ ಒಳಗಿನ ಬುಷ್ಷಿಗೂ ಇದೇ ಹೊತ್ತಿನಲ್ಲಿ ಗ್ರೀಸ್ ಹಚ್ಚಿ. ಹೊಸ ಸೀಲಿನ ತುಟಿಗೂ ಸವರಬೇಕು, ಒಣತುಟಿ ಮೊದಲ ಕೆಲವು ಕಿಲೋಮೀಟರಿನಲ್ಲೇ ಸುಟ್ಟುಹೋಗುತ್ತದೆ. ಸ್ಪಿಂಡಲ್ಲಿನ ಮೇಲೆ ಹಳೆಯ ಸೀಲು ಕೊರೆದ ಗೆರೆಯಿದ್ದರೆ, ಜಾಗ ಅನುಮತಿಸಿದಾಗ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಹಿಂದುಮುಂದಾಗಿ ಕೂರಿಸಿ, ಅದರ ತುಟಿ ನಯವಾದ ಜಾಗದ ಮೇಲೆ ಓಡುವಂತೆ ಮಾಡಬಹುದು.

ಈಗ ನಟ್ಟಿನ ಮಾತು. ಟೇಪರ್ ಬೇರಿಂಗಿಗೆ ತನ್ನದೇ ಆದ ಸಡಿಲವೆಂಬುದಿಲ್ಲ, ನಾವು ಕೊಟ್ಟದ್ದೇ ಅದರ ಸಡಿಲ. ಕೋನ್ ಒಳಸರಿದಷ್ಟೂ ರೋಲರು ಬಿಗಿಯಾಗುತ್ತದೆ. ಹಳೆಯ ಜೀಪು ಮಾದರಿಯ ಕೈಪಿಡಿಗಳು ಹೇಳುವ ಕ್ರಮ ಹೀಗಿದೆ: ಹಬ್ಬನ್ನು ಕೈಯಿಂದ ತಿರುಗಿಸುತ್ತಲೇ ಒಳನಟ್ಟನ್ನು 50 ಪೌಂಡ್-ಅಡಿ, ಅಂದರೆ ಸುಮಾರು 68 ನ್ಯೂಟನ್-ಮೀಟರ್ ಬಿಗಿಯಬೇಕು, ಬಳಿಕ ಸುತ್ತಿನ ಆರರಲ್ಲಿ ಒಂದು ಭಾಗ ಹಿಂದಕ್ಕೆ ತಿರುಗಿಸಬೇಕು, ಲಾಕ್ ವಾಷರ್ ಹಾಕಿ ಹೊರನಟ್ಟು ಬಿಗಿಯಬೇಕು. ಮೊದಲ ಬಿಗಿತ ರೋಲರುಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವುದಕ್ಕೆ, ಓಡಿಸುವುದಕ್ಕಲ್ಲ. ತಿರುಗಿಸದೆ ಬಿಗಿದರೆ ರೋಲರು ಓರೆಯಾಗಿಯೇ ನಿಂತು, ಹೊರಟ ಸ್ವಲ್ಪ ಹೊತ್ತಿಗೆ ನೇರವಾಗಿ, ಸಡಿಲ ತಾನಾಗಿ ಹುಟ್ಟಿಕೊಳ್ಳುತ್ತದೆ. ಕೆಲವು ತಯಾರಕರು ಸಡಿಲದ ಬದಲಿಗೆ ಅಲ್ಪ ಪೂರ್ವಬಿಗಿತ ಕೇಳುತ್ತಾರೆ. ಅದನ್ನು ಗಾಲಿಯ ಸ್ಟಡ್ಡಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಹಬ್ ತಿರುಗತೊಡಗುವ ಎಳೆತವನ್ನು ಓದಿ ಅಳೆಯುತ್ತಾರೆ. ನಿಮ್ಮ ವಾಹನದ ಕೈಪಿಡಿ ಹೇಳಿದ್ದೇ ಅಂತಿಮ.

ಸಡಿಲ ಬೇಕೆನ್ನುವ ವ್ಯವಸ್ಥೆಯಲ್ಲಿ ಎಷ್ಟು ಸಡಿಲ? 0.025ರಿಂದ 0.13 ಮಿಲಿಮೀಟರ್ ಒಳಗೆ ಇದ್ದರೆ ಸರಿ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಳತೆ. ನಟ್ಟಿನ ಹಲ್ಲಿನ ಅಂತರ 1.5 ಮಿಲಿಮೀಟರ್ ಎಂದುಕೊಂಡರೆ, ಗಡಿಯಾರದ ಮುಖದಲ್ಲಿ ಒಂದು ಗಂಟೆಯಷ್ಟು ತಿರುಗಿಸಿದಾಗ ನಟ್ಟು 0.125 ಮಿಲಿಮೀಟರ್ ಸರಿಯುತ್ತದೆ. ಇಡೀ ಅನುಮತಿ ಅಷ್ಟೇ! ಹಾಗಿದ್ದರೆ ಆರರಲ್ಲಿ ಒಂದು ಭಾಗ, ಅಂದರೆ ಎರಡು ಗಂಟೆ, ಹಿಂದೆ ತಿರುಗಿಸಲು ಕೈಪಿಡಿ ಹೇಳುವುದೇಕೆ ಎಂದು ಸಭೆಯಲ್ಲೊಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಬಿಗಿದಾಗ ಉಕ್ಕು ಅಲ್ಪ ಒತ್ತಿಕೊಂಡಿರುತ್ತದೆ, ಸಡಿಲಿಸಿದಾಗ ಒಂದಿಷ್ಟು ಅಳತೆ ಆ ಒತ್ತಡ ಬಿಡುವುದರಲ್ಲೇ ಖರ್ಚಾಗುತ್ತದೆ. ಜೊತೆಗೆ ಹೊರನಟ್ಟನ್ನು ಬಿಗಿದಾಗ ಅದು ವಾಷರಿನ ಮೂಲಕ ಒಳನಟ್ಟನ್ನು ಒಳಕ್ಕೆ ದೂಡಿ, ಹಲ್ಲುಗಳ ನಡುವಿನ ಸಂದನ್ನು ಮುಚ್ಚುತ್ತದೆ. ಆದ್ದರಿಂದ ಒಳನಟ್ಟನ್ನು ಹದ ಮಾಡಿದಾಗ ಇದ್ದ ಸಡಿಲ ಬೇರೆ, ಹೊರನಟ್ಟು ಬಿಗಿದ ಮೇಲೆ ಉಳಿಯುವ ಸಡಿಲ ಬೇರೆ. ಅಳೆಯಬೇಕಾದದ್ದು ಎರಡನೆಯದನ್ನು. ಗ್ಯಾರೇಜುಗಳಲ್ಲಿ ತಪ್ಪಿಹೋಗುವ ಹೆಜ್ಜೆ ಇದೇ, ಏಕೆಂದರೆ ಅಳತೆ ಸರಿಬರದಿದ್ದರೆ ಹೊರನಟ್ಟು, ವಾಷರು ಎಲ್ಲ ಬಿಚ್ಚಿ ಮೊದಲಿನಿಂದ ಮಾಡಬೇಕು, ಕೆಲವೊಮ್ಮೆ ಮೂರು ಸಲ.

ಆಯಸ್ಕಾಂತದ ಪೀಠವಿರುವ ಡಯಲ್ ಗೇಜ್ ಇದ್ದರೆ ಹಬ್ಬನ್ನು ಹಿಂದುಮುಂದೆ ಎಳೆದು ನೇರವಾಗಿ ಓದಬಹುದು. ಇಲ್ಲದವರು ಗಾಲಿ ಹಾಕಿ ಟೈರಿನ ಅಂಚನ್ನು ಹಿಡಿದು ಅಲುಗಾಡಿಸಿ ನೋಡಬೇಕು. ಹಬ್ಬಿನೊಳಗಿನ ಸಡಿಲ ಅಲ್ಲಿ ಹಲವು ಪಟ್ಟು ದೊಡ್ಡದಾಗಿ ತೋರುತ್ತದೆ. ಬೆರಳಿಗೆ ತಿಳಿದೂ ತಿಳಿಯದಂತಿರಬೇಕು, ಗಾಲಿ ಒಂದು ನೂಕಿಗೆ ಸರಾಗವಾಗಿ ಸುತ್ತಬೇಕು. ಅನುಮಾನವಿದ್ದರೆ ತುಸು ಸಡಿಲದ ಕಡೆಗೇ ವಾಲಿ. ಅಲ್ಪ ಸಡಿಲವಿರುವ ಬೇರಿಂಗ್ ಸದ್ದು ಮಾಡಿ ತಿಳಿಸುತ್ತದೆ. ಅತಿ ಬಿಗಿಯಾದದ್ದು ಸದ್ದಿಲ್ಲದೆ ಕಾದು, ಗ್ರೀಸ್ ಕರಗಿಸಿ, ಸ್ಪಿಂಡಲ್ಲಿಗೇ ಅಂಟಿಕೊಳ್ಳುತ್ತದೆ. ಕೊನೆಗೆ ವಾಷರಿನ ಕಿವಿಯನ್ನು ನಟ್ಟಿನ ಚಪ್ಪಟೆ ಬದಿಗೆ ಮಡಚಬೇಕು; ಒಮ್ಮೆ ಮಡಚಿ ಬಿಡಿಸಿದ ಕಿವಿಯನ್ನು ಮತ್ತೆ ಮಡಚಬಾರದು.

ಜೋಡಿಸಿದ ಮೇಲೆ ಹುಬ್ಬಳ್ಳಿ-ಧಾರವಾಡದ ನಡುವೆ ಒಂದು ಸಲ ಹೋಗಿಬರುವಷ್ಟು ದೂರ ಓಡಿಸಿ, ಕೊನೆಯಲ್ಲಿ ಬ್ರೇಕ್ ಹೆಚ್ಚು ಒತ್ತದೆ ನಿಲ್ಲಿಸಿ, ಡಿಸ್ಕಿಗೆ ತಾಗದಂತೆ ಎರಡೂ ಹಬ್ಬುಗಳ ನಡುಭಾಗವನ್ನು ಮುಟ್ಟಿ ಹೋಲಿಸಬೇಕು. ಬೆಚ್ಚಗಿರುವುದು ಸಹಜ. ಒಂದು ಬದಿಯದು ಕೈ ಇಡಲಾರದಷ್ಟು ಸುಡುತ್ತಿದ್ದು ಇನ್ನೊಂದು ಬೆಚ್ಚಗಷ್ಟೇ ಇದ್ದರೆ ಮುಂದೆ ಓಡಿಸಬಾರದು, ಅಲ್ಲೇ ಆರಲು ಬಿಟ್ಟು ನಿಧಾನವಾಗಿ ಮನೆಗೆ ತಂದು ನಟ್ಟನ್ನು ಮತ್ತೆ ಹದ ಮಾಡಬೇಕು. ಹೊಸ ಕಪ್ ಹಾಕಿದವರು 500 ಕಿಲೋಮೀಟರ್ ಆದ ಮೇಲೆ ಗಾಲಿ ಎತ್ತಿ ಇನ್ನೊಮ್ಮೆ ಅಲುಗಾಡಿಸಿ ನೋಡಬೇಕು. ಕಪ್ ಪೂರ್ತಿ ತಳ ಹಿಡಿದು, ಸಂದಿನ ಗ್ರೀಸ್ ಪಕ್ಕಕ್ಕೆ ಸರಿದು, ಅಷ್ಟರಲ್ಲಿ ಸಡಿಲ ತುಸು ಹೆಚ್ಚಾಗಿರುತ್ತದೆ. ಆ ಸಲ ತೊಳೆಯುವ ಕೆಲಸವಿಲ್ಲ. ಮುಚ್ಚಳ ತೆಗೆದು, ಹೊಸ ಲಾಕ್ ವಾಷರ್ ಕೈಯಲ್ಲಿಟ್ಟುಕೊಂಡು, ನಟ್ಟಿನ ಹದವೊಂದನ್ನೇ ಸರಿಪಡಿಸಿ ಮುಚ್ಚಿದರಾಯಿತು.